ಮತ್ತೆ ತೆರೆದ ಫಂಕ್ಷನ್ ಹಾಲ್: ಹೈದರಾಬಾದ್ ನಮಗೆ ಕಲಿಸಿದ ಲೆಕ್ಕ



ಹೈದರಾಬಾದಿನಲ್ಲಿ ಹೋಟೆಲು, ಕೇಟರಿಂಗು ನಡೆಸಿಕೊಂಡಿರುವ ನಮಗೆಲ್ಲ ನಾಂಪಲ್ಲಿಯ ನುಮಾಯಿಷ್ ಗೊತ್ತಿರುವುದೇ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಸಣ್ಣದಾಗಿ ಶುರುಮಾಡಿದ ಈ ಪ್ರದರ್ಶನ 1946ರಲ್ಲಿ ಈಗಿನ ಮೈದಾನಕ್ಕೆ ಬಂತು. ವಾಡಿಕೆಯಂತೆ ಜನವರಿ 1ರಿಂದ ಫೆಬ್ರವರಿ 15ರವರೆಗೆ 46 ದಿನ ನಡೆಯುತ್ತದೆ. ಮಳಿಗೆ ಹಾಕುವವರಿಗೆ ಅದು ವರ್ಷದ ದುಡಿಮೆಯ ದೊಡ್ಡ ಪಾಲು.

ಕೋವಿಡ್ ಕಾರಣದಿಂದ 2021ರಲ್ಲಿ ನುಮಾಯಿಷ್ ನಡೆಯಲೇ ಇಲ್ಲ. 2022ರ ಜನವರಿ 1ರಂದು ರಾಜ್ಯಪಾಲರಿಂದ ಉದ್ಘಾಟನೆಯಾಯಿತು. ಎಲ್ಲರೂ ಉಸಿರು ಬಿಟ್ಟರು. ಆದರೆ ಓಮಿಕ್ರಾನ್ ಅಲೆ ಎದ್ದಿತ್ತು; ಜನ ಸೇರುವುದಕ್ಕೆ ನಿರ್ಬಂಧ ಬಂತು; ಮರುದಿನವೇ ಪ್ರದರ್ಶನ ನಿಂತಿತು. ಮತ್ತೆ ತೆರೆದದ್ದು ಫೆಬ್ರವರಿ 25ಕ್ಕೆ. ಮಳಿಗೆಯ ಬಾಡಿಗೆ ಕಟ್ಟಿ, ಒಲೆ ಹೂಡಿ, ಹಿಟ್ಟು ರುಬ್ಬಿಟ್ಟುಕೊಂಡಿದ್ದ ತಿಂಡಿ ಅಂಗಡಿಯವರ ಸ್ಥಿತಿ ಏನಾಗಿರಬೇಕು, ನೀವೇ ಯೋಚಿಸಿ. ಬಟ್ಟೆ, ಬಳೆ ಮಾರುವವರು ಮಾಲನ್ನು ಗಂಟು ಕಟ್ಟಿ ಎತ್ತಿಡಬಹುದು. ರುಬ್ಬಿದ ಹಿಟ್ಟನ್ನು ಎತ್ತಿಡಲು ಬರುತ್ತದೆಯೇ?

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ಸಾಂಕ್ರಾಮಿಕದ ನಂತರ ಬಾಗಿಲು ತೆರೆಯುವುದು ಒಂದು ದಿನದ ಸಮಾರಂಭವಲ್ಲ. ಅದು ತೆರೆಯುವ, ಮುಚ್ಚುವ, ಅರ್ಧ ತೆರೆಯುವ ಒಂದು ದೀರ್ಘ ಕಾಲ. "ಇನ್ನು ಎಲ್ಲ ಸರಿಹೋಯಿತು" ಎಂದು ಹಳೆಯ ಲೆಕ್ಕದಲ್ಲೇ ನುಗ್ಗಿದವರು ಎರಡನೆಯ ಸಲ ಬಿದ್ದಾಗ ಏಳಲಿಲ್ಲ. "ನಾಳೆ ಮತ್ತೆ ಮುಚ್ಚಬಹುದು" ಎಂದು ಮುಂಗಡ, ದರ, ಉಗ್ರಾಣ, ಆಳು ಎಲ್ಲವನ್ನೂ ಹೊಂದಿಸಿಕೊಂಡವರು ಉಳಿದರು. ಹೇಗೆ ಹೊಂದಿಸಬೇಕೆಂಬುದನ್ನು ಒಂದೊಂದಾಗಿ ನೋಡೋಣ.

ಬಾಗಿಲು ಎಷ್ಟು ಸಲ ತೆರೆಯಿತು?

ಮೊದಲು ದಿನಾಂಕಗಳನ್ನು ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಕಷ್ಟ ಮುಗಿದ ಮೇಲೆ ಎಲ್ಲವೂ ಒಂದೇ ಮುದ್ದೆಯಾಗಿ ನೆನಪಿನಲ್ಲಿ ಉಳಿಯುತ್ತದೆ. ಪಾಠ ಸಿಗುವುದು ಬಿಡಿಸಿ ನೋಡಿದಾಗ.

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶದಾದ್ಯಂತ ಲಾಕ್‌ಡೌನ್. ಆ ವರ್ಷದ ವೈಶಾಖ ಮಾಸದ ಮದುವೆಗಳೆಲ್ಲ ಹೋದವು. ಮೇ ತಿಂಗಳ ಕೇಂದ್ರದ ಮಾರ್ಗಸೂಚಿಯಲ್ಲಿ ಮದುವೆಗೆ 50 ಜನರ ಮಿತಿ. ಜೂನ್ 8ರಿಂದ ಹೋಟೆಲುಗಳು ತೆರೆದವು. ಕೂರಿಸುವುದು ಅರ್ಧ ಆಸನಗಳಿಗೆ ಮಾತ್ರ. ಸೆಪ್ಟೆಂಬರ್ 21ರಿಂದ ಸಮಾರಂಭಗಳಿಗೆ 100 ಜನ. ಅಕ್ಟೋಬರ್ 15ರ ನಂತರ ಮುಚ್ಚಿದ ಸಭಾಂಗಣವಾದರೆ ಅದರ ಸಾಮರ್ಥ್ಯದ ಅರ್ಧ, ಗರಿಷ್ಠ 200 ಜನ.

ಅಷ್ಟರಲ್ಲಿ ಅಧಿಕ ಆಶ್ವಯುಜ ಬಂದು ಒಂದು ತಿಂಗಳು ಹೋಗಿತ್ತು. 2021ರ ಜನವರಿ ನಡುವಿನಿಂದ ಗುರು ಮೌಢ್ಯ, ಅದರ ಬೆನ್ನಿಗೇ ಶುಕ್ರ ಮೌಢ್ಯ. ನಮ್ಮ ತೆಲುಗು ಗಿರಾಕಿಗಳು 'ಮೂಢಂ' ಎಂದು ಮುಹೂರ್ತವನ್ನೇ ಇಡಲಿಲ್ಲ. ಸರ್ಕಾರ ಬಾಗಿಲು ತೆರೆದಿತ್ತು, ಪಂಚಾಂಗ ಮುಚ್ಚಿತ್ತು! ಮೌಢ್ಯ ಕಳೆಯುವ ಹೊತ್ತಿಗೆ ಎರಡನೆಯ ಅಲೆ. ಏಪ್ರಿಲ್ 20ರಿಂದ ತೆಲಂಗಾಣದಲ್ಲಿ ರಾತ್ರಿ 9ರಿಂದ ಕರ್ಫ್ಯೂ. ಹಳೇ ನಗರದಲ್ಲಿ ರಾತ್ರಿ ಊಟ ಬಡಿಸಲು ಶುರುವಾಗುವುದೇ ಆ ಹೊತ್ತಿಗೆ. ಮೇ 12ರಿಂದ ಮತ್ತೆ ಲಾಕ್‌ಡೌನ್, ಮದುವೆಗೆ 40 ಜನ. ಜೂನ್ 20ರಂದು ನಿರ್ಬಂಧ ಪೂರ್ತಿ ತೆಗೆದರು. ಶ್ರಾವಣದಲ್ಲಿ ಕೆಲಸ ಕೈಗೆ ಹತ್ತಿತು ಎನ್ನುವಾಗ, 2022ರ ಜನವರಿಯಲ್ಲಿ ಓಮಿಕ್ರಾನ್.

ಅಂದರೆ ಎರಡು ವರ್ಷದೊಳಗೆ ನಮ್ಮ ಸಂಖ್ಯೆ ಸೊನ್ನೆಯಿಂದ 50, 100, 200, ಮತ್ತೆ 40, ಮತ್ತೆ ಪೂರ್ತಿ, ಮತ್ತೆ ನಿರ್ಬಂಧ ಎಂದು ಏರಿಳಿಯಿತು. ಖೈರತಾಬಾದಿನ ಗಣೇಶನನ್ನೇ ನೋಡಿ. 2019ರಲ್ಲಿ 61 ಅಡಿ, 2020ರಲ್ಲಿ 9 ಅಡಿ, 2021ರಲ್ಲಿ 40 ಅಡಿ. ಉತ್ಸವ ನಿಲ್ಲಲಿಲ್ಲ, ಕಾಲಕ್ಕೆ ತಕ್ಕಂತೆ ಕುಗ್ಗಿತು, ಹಿಗ್ಗಿತು. ನಮ್ಮ ವ್ಯಾಪಾರಕ್ಕೂ ಆ ಗುಣ ಬೇಕು.

ಮುಂಗಡ: ಅದು ನಮ್ಮ ಹಣವಲ್ಲ

ನಮ್ಮ ಅನುಭವದಿಂದಲೇ ಆರಂಭಿಸುತ್ತೇವೆ. 2020ರ ಏಪ್ರಿಲ್ ಕೊನೆಯ ಒಂದು ಮದುವೆಗೆ ನಾವು ಫೆಬ್ರವರಿಯಲ್ಲೇ ಒಂದು ಲಕ್ಷ ರೂಪಾಯಿ ಮುಂಗಡ ಪಡೆದಿದ್ದೆವು. ರಸೀದಿಯ ಕೆಳಗೆ, ಎಲ್ಲರೂ ಅಚ್ಚು ಹಾಕಿಸುವಂತೆ, "ಮುಂಗಡ ಹಣವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ" ಎಂದಿತ್ತು. ಮದುವೆ ನಿಂತಿತು. ಹುಡುಗಿಯ ತಂದೆ ಫೋನು ಮಾಡಿ, "ರಾಯರೇ, ನನಗೂ ಸಂಬಳ ಅರ್ಧ ಆಗಿದೆ, ಏನಾದರೂ ಮಾಡಿ" ಎಂದರು. ನಾವು ರಸೀದಿ ತೋರಿಸಿದೆವು. ಮಾತಿಗೆ ಮಾತು ಬೆಳೆಯಿತು. ಹತ್ತು ವರ್ಷದ ಪರಿಚಯ ಒಂದು ಸಾಲಿನ ಅಚ್ಚಿನಿಂದ ಮುರಿಯುವ ಹಂತಕ್ಕೆ ಬಂತು.

ಕೊನೆಗೆ ಒಬ್ಬ ವಕೀಲ ಮಿತ್ರರನ್ನು ಕೇಳಿದೆವು. ಅವರು ಹೇಳಿದ್ದನ್ನು ಸದಸ್ಯರೆಲ್ಲರೂ ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 56ನೆಯ ಕಲಮಿನ ಪ್ರಕಾರ, ಕರಾರು ಆದ ಮೇಲೆ ಆ ಕೆಲಸ ಅಸಾಧ್ಯವಾದರೆ ಅಥವಾ ಕಾನೂನಿಗೆ ವಿರುದ್ಧವಾದರೆ ಕರಾರು ಶೂನ್ಯವಾಗುತ್ತದೆ. 65ನೆಯ ಕಲಮು, ಹಾಗೆ ಶೂನ್ಯವಾದ ಕರಾರಿನಿಂದ ಪಡೆದ ಲಾಭವನ್ನು ಪಡೆದವನು ಹಿಂತಿರುಗಿಸಬೇಕು ಎನ್ನುತ್ತದೆ. ಆದರೆ ಇಂಥ ಪರಿಸ್ಥಿತಿ ಬಂದರೆ ಏನು ಮಾಡಬೇಕೆಂದು ಕರಾರಿನಲ್ಲೇ ಮೊದಲೇ ಬರೆದುಕೊಂಡಿದ್ದರೆ, ಆ ಬರಹವನ್ನು 32ನೆಯ ಕಲಮಿನ ಅಡಿಯಲ್ಲಿ ನೋಡಲಾಗುತ್ತದೆ. ಇದಲ್ಲದೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಕರಾರು' ಎಂಬ ಮಾತೇ ಇದೆ. ಒಂದೇ ಕಡೆಗೆ ವಾಲಿದ ಅಚ್ಚಿನ ಸಾಲು ನಮ್ಮನ್ನು ಕಾಯುತ್ತದೆಂದು ನಂಬಿ ಕೂರುವಂತಿಲ್ಲ.

ನಾವು ಲೆಕ್ಕದ ಪುಸ್ತಕ ತೆಗೆದುಕೊಂಡು ಅವರ ಮನೆಗೇ ಹೋದೆವು. ಬೇಳೆ, ತುಪ್ಪಕ್ಕೆ ಕೊಟ್ಟ ಹಣ, ಹೊರಗಿನ ಭಟ್ಟರಿಗೆ ಕೊಟ್ಟ ಮುಂಗಡ, ಎಲ್ಲದರ ಚೀಟಿ ತೋರಿಸಿದೆವು. ಒಟ್ಟು ಮೂವತ್ತೆರಡು ಸಾವಿರ. ಉಳಿದ ಅರವತ್ತೆಂಟು ಸಾವಿರವನ್ನು ಮೂರು ಕಂತಿನಲ್ಲಿ ಹಿಂತಿರುಗಿಸುವುದಾಗಿ ಒಪ್ಪಿ, ಕೊಟ್ಟೆವು. ಆ ಹಣ ಹೊಂದಿಸುವುದು ಸುಲಭವಾಗಿರಲಿಲ್ಲ. ಏಕೆಂದರೆ ಆ ಮುಂಗಡವನ್ನು ನಾವು ಹಿಂದಿನ ತಿಂಗಳ ದಿನಸಿ ಬಾಕಿ ತೀರಿಸಲು ಬಳಸಿಬಿಟ್ಟಿದ್ದೆವು. ನಮ್ಮ ನಿಜವಾದ ತಪ್ಪು ಅದೇ. 2021ರ ಶ್ರಾವಣದಲ್ಲಿ ಅದೇ ಮನೆಯ ಎರಡನೆಯ ಮಗಳ ಮದುವೆಯ ಅಡುಗೆ ನಮ್ಮದೇ ಆಯಿತು.

ಇದರಿಂದ ಕಲಿತು ನಾವು ಈಗ ಪಾಲಿಸುತ್ತಿರುವ ಕ್ರಮ ಹೀಗಿದೆ:

1. ಮುಂಗಡವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡುವುದು. ಆ ಸಮಾರಂಭಕ್ಕೆ ಖರ್ಚಾದಷ್ಟನ್ನು ಮಾತ್ರ ತೆಗೆಯುವುದು.

2. ಮುಂಗಡವನ್ನು ಒಟ್ಟಿಗೆ ಪಡೆಯದೆ ಮೂರು ಹಂತ ಮಾಡುವುದು: ದಿನ ಕಾಯ್ದಿರಿಸಲು ಸ್ವಲ್ಪ, ದಿನಸಿ ತರುವ ಮುಂಚೆ ಒಂದಿಷ್ಟು, ಸಮಾರಂಭದ ದಿನ ಬಾಕಿ.

3. ಕರಾರಿನಲ್ಲಿ ಸ್ಪಷ್ಟವಾಗಿ ಬರೆಯುವುದು: ಸರ್ಕಾರದ ಆದೇಶದಿಂದ ಸಮಾರಂಭ ನಿಂತರೆ (ಅ) ಹನ್ನೆರಡು ತಿಂಗಳೊಳಗೆ ಬೇರೆ ದಿನಕ್ಕೆ ಬದಲಾವಣೆ, ಅಥವಾ (ಆ) ಚೀಟಿ ಸಹಿತ ತೋರಿಸಿದ ಖರ್ಚು ಕಳೆದು ಉಳಿದದ್ದು ಇಂತಿಷ್ಟು ದಿನದೊಳಗೆ ವಾಪಸು. ನಿಲ್ಲದೆ ಜನಸಂಖ್ಯೆ ಮಾತ್ರ ಇಳಿದರೆ ಯಾವ ದರ ಎಂಬುದನ್ನೂ ಅಲ್ಲೇ ಬರೆಯುವುದು.

4. ಹಾಲ್ ಮಾಲೀಕರ ಜೊತೆಗೂ ಇದೇ ಮಾತನ್ನು ಬರೆದುಕೊಳ್ಳುವುದು. ಗಿರಾಕಿಗೆ ನಾವು ವಾಪಸು ಕೊಡಬೇಕು, ಹಾಲಿನವರು ನಮಗೆ ಕೊಡುವುದಿಲ್ಲ ಎಂದಾದರೆ ನಡುವೆ ಸಿಕ್ಕಿ ನುಚ್ಚಾಗುವವರು ನಾವು.

5. ಮುಂಗಡದ ಮೇಲೆ ಜಿಎಸ್‌ಟಿ ಕಟ್ಟಿದ್ದು, ಬಿಲ್ಲು ಮಾಡುವ ಮುಂಚೆಯೇ ಕೆಲಸ ರದ್ದಾದರೆ ರೀಫಂಡ್ ವೋಚರ್. ಬಿಲ್ಲು ಆಗಿಹೋಗಿದ್ದರೆ ಕ್ರೆಡಿಟ್ ನೋಟ್. ಇದನ್ನು ಲೆಕ್ಕಿಗರ ಜೊತೆ ಆಯಾ ತಿಂಗಳೇ ಮುಗಿಸುವುದು.

ಕರಾರಿನ ಮಾದರಿಯನ್ನು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ. ಒಂದು ಸಲದ ಫೀಸು, ಒಂದು ಜಗಳದ ಖರ್ಚಿಗಿಂತ ಕಡಿಮೆ.

ಎಲೆ ಲೆಕ್ಕ ಬದಲಾದಾಗ

ನಾವೆಲ್ಲ ದರ ಹೇಳುವುದು ಎಲೆಗೆ ಇಷ್ಟು ಎಂದು. 500 ಎಲೆಗೆ ಒಪ್ಪಿಕೊಂಡ ದರದಲ್ಲೇ 50 ಎಲೆ ಮಾಡಿಕೊಟ್ಟು ಕೈ ಸುಟ್ಟುಕೊಂಡವರು ನಮ್ಮಲ್ಲಿ ಕಡಿಮೆ ಇಲ್ಲ. ಒಂದು ಉದಾಹರಣೆ ಹಿಡಿಯೋಣ. ಇವು ತಿಳಿಯಲೆಂದು ಹಾಕಿದ ಅಂಕಿಗಳು. ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಿ.

ದಿನಸಿ, ತರಕಾರಿ, ಹಾಲು ಎಲ್ಲ ಸೇರಿ ಎಲೆಗೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಭಟ್ಟರು, ಸಹಾಯಕರು, ಬಡಿಸುವವರು, ಪಾತ್ರೆ ತೊಳೆಯುವವರು, ಲಾರಿ, ಗ್ಯಾಸು ಸೇರಿ 60,000. 500 ಎಲೆಗೆ ಹಂಚಿದರೆ ಎಲೆಗೆ 120. ಅಸಲು 370 ಆಯಿತು. ಅದೇ ತಂಡವನ್ನು ಕರೆದುಕೊಂಡು ಹೋಗಿ 50 ಎಲೆ ಹಾಕಿದರೆ ಎಲೆಗೆ 1,200, ಅಸಲು 1,450! ತಂಡವನ್ನು ಕುಗ್ಗಿಸಿ 25,000ಕ್ಕೆ ಇಳಿಸಿದರೂ ಅಸಲು 750. 200 ಎಲೆಗೆ 40,000ದ ತಂಡವಾದರೆ 450.

ಇದನ್ನು ಗಿರಾಕಿಗೆ ಬಾಯಲ್ಲಿ ವಿವರಿಸಿದರೆ "ಕಷ್ಟಕಾಲದಲ್ಲಿ ಸುಲಿಗೆ ಮಾಡುತ್ತಿದ್ದಾರೆ" ಎಂದೇ ತೋರುತ್ತದೆ. ಆದ್ದರಿಂದ ದರವನ್ನು ಮೊದಲೇ ಎರಡು ಭಾಗ ಮಾಡಿ ಕೊಡಿ: ತಂಡ ಮತ್ತು ಸಾಗಾಟಕ್ಕೆ ಇಷ್ಟು, ಎಲೆಗೆ ಇಷ್ಟು. 50, 100, 200, 500 ಎಂದು ನಾಲ್ಕು ಸಾಲಿನ ಪಟ್ಟಿ ಒಂದೇ ಹಾಳೆಯಲ್ಲಿರಲಿ. ಸರ್ಕಾರದ ಸಂಖ್ಯೆ ಬದಲಾದ ದಿನ ನೀವು ಚೌಕಾಸಿಗೆ ಕೂರಬೇಕಿಲ್ಲ. ಗಿರಾಕಿ ಬೇರೆ ಸಾಲಿಗೆ ಬೆರಳಿಡುತ್ತಾನೆ, ಅಷ್ಟೇ. ಸಣ್ಣ ಮದುವೆಗೆ ಪದಾರ್ಥಗಳ ಸಂಖ್ಯೆಯನ್ನೂ ಇಳಿಸಿ. ಎಂಟು ಬಗೆ ಸಿಹಿ ಇಟ್ಟು ಐವತ್ತು ಜನಕ್ಕೆ ಬಡಿಸಿದರೆ ಅರ್ಧ ಕೊಪ್ಪರಿಗೆ ಹಾಗೇ ಉಳಿಯುತ್ತದೆ. ಎರಡೇ ಸಿಹಿ, ಚೆನ್ನಾಗಿ ಮಾಡಿದ್ದು, ಸಾಕು.

ಮುಚ್ಚಿದ್ದ ಕಟ್ಟಡವನ್ನು ತೆರೆಯುವ ಮುಂಚೆ

ತಿಂಗಳುಗಟ್ಟಲೆ ಬೀಗ ಹಾಕಿದ್ದ ಹಾಲನ್ನು ಗುಡಿಸಿ, ತೊಳೆದು, ತೋರಣ ಕಟ್ಟಿದರೆ ತೆರೆದಂತಾಗಲಿಲ್ಲ. ಕಣ್ಣಿಗೆ ಕಾಣದ ಮೂರು ಸಂಗತಿಗಳಿವೆ.

ಮೊದಲನೆಯದು ನೀರು. 1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಲೆವ್ಯೂ ಸ್ಟ್ರಾಟ್‌ಫರ್ಡ್ ಎಂಬ ಹೆಸರಾಂತ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆಯಿತು. ಅದಾದ ಮೇಲೆ ಇನ್ನೂರರ ಆಸುಪಾಸಿನಲ್ಲಿ ಜನ ವಿಚಿತ್ರ ನ್ಯುಮೋನಿಯಾದಿಂದ ಮಲಗಿದರು, ಹಲವರು ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಗಿರಾಕಿಗಳೇ ಇಲ್ಲದೆ ಆ ಹೋಟೆಲು ಬಾಗಿಲು ಮುಚ್ಚಿತು. ಕಾರಣವಾದ ಸೂಕ್ಷ್ಮಜೀವಿಯನ್ನು 1977ರಲ್ಲಿ ಗುರುತಿಸಿ, ಲೀಜನೆಲ್ಲ ಎಂದು ಹೆಸರಿಟ್ಟರು. ಇದು ಬೆಳೆಯುವುದು ನಿಂತ, ಉಗುರುಬೆಚ್ಚಗಿನ ನೀರಿನಲ್ಲಿ. ತಗುಲುವುದು ಆ ನೀರಿನ ತುಂತುರನ್ನು ಉಸಿರಾಡಿದಾಗ. ಮುಚ್ಚಿದ ಹಾಲಿನ ಟ್ಯಾಂಕು, ಗೀಸರು, ಷವರು, ಎಸಿಯ ಕೂಲಿಂಗ್ ಟವರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಆದ್ದರಿಂದ ಟ್ಯಾಂಕು, ಸಂಪು ಪೂರ್ತಿ ಬರಿದು ಮಾಡಿ, ಉಜ್ಜಿ, ಕ್ಲೋರಿನ್ ಹಾಕಿ ತೊಳೆಯಬೇಕು. ಪ್ರತಿ ನಲ್ಲಿಯನ್ನೂ ಹಳೆಯ ನೀರು ಹೋಗಿ ಹೊಸ ನೀರು ಬರುವವರೆಗೆ ಬಿಡಬೇಕು. ವಧೂವರರ ಕೋಣೆಯ ಷವರನ್ನು ಮರೆಯಬೇಡಿ. ಮುಚ್ಚಿರುವಾಗಲೂ ವಾರಕ್ಕೊಮ್ಮೆ ಕಾವಲುಗಾರನಿಂದ ನಲ್ಲಿ ಬಿಡಿಸಿದರೆ ಈ ಕೆಲಸ ಹಗುರ.

ಎರಡನೆಯದು ಬೆಂಕಿ. ಗ್ಯಾಸಿನ ರಬ್ಬರ್ ಪೈಪು ಒಣಗಿ ಬಿರಿದಿರುತ್ತದೆ. ಇಲಿ ವೈರು ಕಡಿದಿರುತ್ತದೆ. ಚಿಮಣಿಯ ಒಳಗಿನ ಜಿಡ್ಡು ಗಟ್ಟಿಯಾಗಿರುತ್ತದೆ. ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿರುತ್ತದೆ. 2019ರ ಜನವರಿ 30ರ ರಾತ್ರಿ ಇದೇ ನುಮಾಯಿಷ್‌ನಲ್ಲಿ ಬೆಂಕಿ ಬಿದ್ದು ಮಳಿಗೆಗಳ ಸಾಲು ಸಾಲೇ ಸುಟ್ಟದ್ದನ್ನು ನಾವು ಕಂಡಿದ್ದೇವೆ. ಮೊದಲ ಸಮಾರಂಭಕ್ಕೆ ಒಂದು ವಾರ ಮುಂಚೆ ಪೈಪು ಬದಲಿಸಿ, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ, ಎಲ್ಲ ಒಲೆಗಳನ್ನೂ ಒಮ್ಮೆ ಉರಿಸಿ. ಜನರೇಟರನ್ನು ಪೂರ್ತಿ ಲೋಡಿನಲ್ಲಿ ಅರ್ಧ ಗಂಟೆ ನಡೆಸಿ ನೋಡಿ.

ಮೂರನೆಯದು ಉಗ್ರಾಣ. ಹಳೆಯ ರವೆ, ಕಡಲೆಹಿಟ್ಟು, ಎಣ್ಣೆ, ಮಸಾಲೆಯನ್ನು "ಪರವಾಗಿಲ್ಲ" ಎಂದು ಬಳಸಬೇಡಿ. ದಿನಾಂಕ ಮುಗಿದದ್ದನ್ನು ಬಿಸಾಡಿ, ಬಿಸಾಡಿದ್ದನ್ನು ಬರೆದಿಡಿ. ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಅವಧಿ, ಅಡುಗೆಯವರ ವಾರ್ಷಿಕ ವೈದ್ಯಕೀಯ ತಪಾಸಣೆಯ ಕಾಗದ, 25 ಕೆಲಸಗಾರರಿಗೆ ಒಬ್ಬರಂತೆ ತರಬೇತಿ ಪಡೆದ ಮೇಲ್ವಿಚಾರಕರು ಇದ್ದಾರೆಯೇ ಎಂಬುದನ್ನು ಆಗಲೇ ನೋಡಿಕೊಳ್ಳಿ. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಯೊಳಗೆ ಎಂಬ ನಿಯಮ ಸಾಂಕ್ರಾಮಿಕ ಇರಲಿ ಬಿಡಲಿ ಬದಲಾಗುವುದಿಲ್ಲ.

ಗಾಳಿಗೆ ಖರ್ಚು ಮಾಡಿ, ಸಿಂಪಡಣೆಗಲ್ಲ

ಮೊದಲ ತಿಂಗಳುಗಳಲ್ಲಿ ನಾವೆಲ್ಲ ಎಲ್ಲಿ ಹಣ ಸುರಿದೆವು? ಬಾಗಿಲಲ್ಲಿ ಔಷಧ ಸಿಂಪಡಿಸುವ ಸುರಂಗ, ಲೀಟರುಗಟ್ಟಲೆ ಸ್ಯಾನಿಟೈಸರು, ಗಂಟೆಗೊಮ್ಮೆ ಮೇಜು ಒರೆಸುವುದು. ಮನುಷ್ಯರ ಮೇಲೆ ಔಷಧ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲಿನಲ್ಲೇ ಹೇಳಿತ್ತು. ಕೈ ತೊಳೆಯುವುದು ಅಡುಗೆಮನೆಗೆ ಎಂದೂ ಬೇಕು. ಆದರೆ ಈ ರೋಗ ಮುಖ್ಯವಾಗಿ ಹರಡಿದ್ದು ಉಸಿರಿನ ಗಾಳಿಯಿಂದ.

ಹೋಟೆಲಿನವರು ಮರೆಯಬಾರದ ಒಂದು ಪ್ರಕರಣ ಚೀನಾದ ಗ್ವಾಂಗ್‌ಝೌ ನಗರದ್ದು. 2020ರ ಜನವರಿ 24ರಂದು ಅಲ್ಲಿನ ಒಂದು ರೆಸ್ಟೋರೆಂಟಿನಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಮಂದಿಗೆ ರೋಗ ಬಂತು. ಕಿಟಕಿ ಇಲ್ಲದ ಕೋಣೆ. ಎಸಿಯ ಗಾಳಿ ಆ ಮೂರು ಮೇಜುಗಳ ಮೇಲೇ ಸುತ್ತುತ್ತಿತ್ತು. ಅದೇ ಕೋಣೆಯ ಬೇರೆ ಮೇಜಿನವರಿಗೆ, ಬಡಿಸಿದವರಿಗೆ ತಗುಲಲಿಲ್ಲ. ನಮ್ಮ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ 2021ರ ಮೇ ತಿಂಗಳ ಸಲಹೆಯಲ್ಲಿ ಗಾಳಿಯಾಟಕ್ಕೇ ಒತ್ತು ಕೊಟ್ಟಿತು. ಸೂಕ್ಷ್ಮ ಕಣಗಳು 10 ಮೀಟರಿನವರೆಗೂ ತೇಲಬಲ್ಲವು ಎಂದಿತು.

ನಮ್ಮ ಅನೇಕ ಹಾಲುಗಳಲ್ಲಿರುವುದು ಸ್ಪ್ಲಿಟ್ ಎಸಿ. ಅದು ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ, ಹೊರಗಿನ ಗಾಳಿ ತರುವುದಿಲ್ಲ. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಳತೆ. 500 ಜನರ ಹಾಲಿಗೆ ಇದು ಗಂಟೆಗೆ 18,000 ಘನ ಮೀಟರ್. ಫ್ಯಾನಿನವರ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 10,600 ಘನ ಅಡಿ. ಎಗ್ಸಾಸ್ಟ್ ಫ್ಯಾನು ಕೊಳ್ಳುವಾಗ ಈ ಅಂಕಿ ಕೈಯಲ್ಲಿರಲಿ. ಗಾಳಿ ಹೊರಹಾಕುವ ಫ್ಯಾನು ಒಂದು ಗೋಡೆಗೆ, ತೆರೆದ ಕಿಟಕಿ ಎದುರು ಗೋಡೆಗೆ ಇರಲಿ. ಗಾಳಿಯಾಟ ಅಳೆಯಲು ಇಂಗಾಲದ ಡೈಆಕ್ಸೈಡ್ ಮೀಟರು ಸಿಗುತ್ತದೆ. ಹೊರಗೆ 420ರ ಹತ್ತಿರ ತೋರಿಸುವ ಅದು, ಧಾರೆಯ ಹೊತ್ತಿಗೆ ಹಾಲಿನೊಳಗೆ 1,000 ದಾಟಿದರೆ ಬಾಗಿಲು ತೆರೆಯುವ ಸಮಯ ಬಂತೆಂದು ಅರ್ಥ. ಹೋಮದ ಹೊಗೆ ಇರುವಲ್ಲಿಂದ ದೂರ ಇಡಿ, ಇಲ್ಲದಿದ್ದರೆ ತಪ್ಪು ಅಂಕಿ ತೋರಿಸುತ್ತದೆ. ಈ ಖರ್ಚು ರೋಗ ಹೋದ ಮೇಲೂ ವ್ಯರ್ಥವಲ್ಲ. ಗಾಳಿಯಾಡುವ ಹಾಲಿನಲ್ಲಿ ಅತಿಥಿ ತೂಕಡಿಸುವುದಿಲ್ಲ, ಸಾಂಬಾರಿನ ವಾಸನೆ ಸೀರೆಗೆ ಅಂಟುವುದಿಲ್ಲ.

ಪಂಕ್ತಿಯೇ ನಮ್ಮ ಬಲ

ಬಫೆಯಲ್ಲಿ ಜನರನ್ನು ಎಣಿಸುವುದು ಕಷ್ಟ. ಒಂದೇ ಸೌಟು ನೂರು ಕೈಗೆ ಹೋಗುತ್ತದೆ, ಸಾಲು ಒತ್ತೊತ್ತಾಗಿ ನಿಲ್ಲುತ್ತದೆ. ನಮ್ಮ ಹಿರಿಯರ ಪಂಕ್ತಿ ಪದ್ಧತಿಯಲ್ಲಿ ಇವೆಲ್ಲಕ್ಕೂ ಉತ್ತರವಿದೆ. ಎಲೆ ಎಷ್ಟು ಹಾಕಿದೆವೋ ಅಷ್ಟೇ ಜನ. ಬಡಿಸುವವನ ಕೈಯಲ್ಲಿ ಮಾತ್ರ ಸೌಟು. ಒಂದು ಪಂಕ್ತಿ ಎದ್ದು, ಜಾಗ ಒರೆಸಿ, ಗಾಳಿ ಆಡಿದ ಮೇಲೆ ಇನ್ನೊಂದು. ಆಮಂತ್ರಣದಲ್ಲೇ "ಹನ್ನೆರಡರ ಪಂಕ್ತಿ, ಒಂದರ ಪಂಕ್ತಿ" ಎಂದು ನೆಂಟರನ್ನು ಹಂಚಿಬಿಟ್ಟರೆ ಗುಂಪು ತಾನಾಗಿ ಕರಗುತ್ತದೆ.

ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನೂರರ ಮಿತಿ ಇದ್ದಾಗ "ಇನ್ನೊಂದು ಐವತ್ತು ಜನ ಬರಬಹುದು, ಯಾರು ಎಣಿಸುತ್ತಾರೆ" ಎನ್ನುವ ಮನೆಯವರು ಇದ್ದೇ ಇರುತ್ತಾರೆ. ಪೊಲೀಸರು ಬಂದಾಗ ಅವರು ಮಂಟಪದ ಮೇಲೆ ಇರುತ್ತಾರೆ. ಬಾಗಿಲಲ್ಲಿ ನಿಲ್ಲುವವರು ಹಾಲಿನವರು ಮತ್ತು ನಾವು. ನೂರು ಎಂದರೆ ನೂರೇ ಎಲೆ ಎಂದು ಕರಾರಿನಲ್ಲಿ ಬರೆಯಿರಿ. ಬರಲಾಗದ ನೆಂಟರ ಮನೆಗೆ ಊಟದ ಡಬ್ಬಿ ಕಳಿಸುವ ವ್ಯವಸ್ಥೆಯನ್ನು ನೀವೇ ಸೂಚಿಸಿ. ಮನೆಯವರ ಮರ್ಯಾದೆಯೂ ಉಳಿಯಿತು, ನಮಗೆ ಎಲೆಯೂ ಹೆಚ್ಚಾಯಿತು. ಡಬ್ಬಿಗೆ ಹಾಕುವ ಅಡುಗೆ ಬೇರೆ ಎಂಬುದು ನೆನಪಿರಲಿ. ಪುಳಿಯೋಗರೆ, ಹೋಳಿಗೆ ಪ್ರಯಾಣ ತಡೆಯುತ್ತವೆ. ಮಜ್ಜಿಗೆ ಹುಳಿ ತಡೆಯುವುದಿಲ್ಲ.

ಕೈಗಳು ಹೋದರೆ ಒಲೆ ಇದ್ದೇನು?

2020ರ ಮೇ 1ರ ಬೆಳಗಿನ ಜಾವ ದೇಶದ ಮೊದಲ ಶ್ರಮಿಕ ವಿಶೇಷ ರೈಲು ಹೊರಟದ್ದು ನಮ್ಮ ಲಿಂಗಂಪಲ್ಲಿಯಿಂದಲೇ, ಜಾರ್ಖಂಡಿನ ಹಟಿಯಾಕ್ಕೆ, ಸುಮಾರು 1,200 ಕೆಲಸಗಾರರನ್ನು ಹೊತ್ತು. ಅದರ ಹಿಂದೆ ಎಷ್ಟೋ ರೈಲುಗಳು ಹೋದವು. ನಮ್ಮ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ, ಬಡಿಸುವ ಹುಡುಗರೂ ಊರು ಸೇರಿದರು. ಕುಂದಾಪುರ, ಉಡುಪಿ ಕಡೆಯ ಭಟ್ಟರು ಊರಲ್ಲೇ ಸಣ್ಣ ಅಡುಗೆ ವಹಿಸಿಕೊಂಡು ನಿಂತುಬಿಟ್ಟರು. ಹಾಲ್ ತೆರೆದಾಗ ಒಲೆ ಇತ್ತು, ಕೊಪ್ಪರಿಗೆ ಇತ್ತು, ಕೈಗಳು ಇರಲಿಲ್ಲ.

ಮತ್ತೆ ಬಂದವರು ಯಾರ ಬಳಿಗೆ ಬಂದರು? ಮುಚ್ಚಿದ್ದಾಗ ತಿಂಗಳಿಗೊಮ್ಮೆ ಫೋನು ಮಾಡಿದವರ, ಕೈಲಾದಷ್ಟು ಹಣ ಕಳಿಸಿದವರ, ಅಕ್ಕಿ ಬೇಳೆ ಕೊಟ್ಟವರ ಬಳಿಗೆ. ನಾವು ಎಲ್ಲರಿಗೂ ಕೊಡಲಾಗಲಿಲ್ಲ. ಹದಿನೆಂಟು ಜನರಲ್ಲಿ ಏಳು ಜನಕ್ಕೆ ಅರ್ಧ ಸಂಬಳ ಕೊಟ್ಟೆವು, ಉಳಿದವರಿಗೆ ಕೊಡಲಿಲ್ಲ. ಆ ಹನ್ನೊಂದರಲ್ಲಿ ಮರಳಿ ಬಂದವರು ಇಬ್ಬರು. ನಾವು ಇದನ್ನು ಹೇಳಿಕೊಳ್ಳುವುದು ಹೆಮ್ಮೆಯಿಂದಲ್ಲ.

ಈಗ ಪ್ರತಿ ಸಮಾರಂಭದ ಲಾಭದಲ್ಲಿ ಒಂದು ಸಣ್ಣ ಪಾಲನ್ನು ಆಳುಗಳ ಆಪತ್ಕಾಲಕ್ಕೆಂದು ಎತ್ತಿಡುತ್ತಿದ್ದೇವೆ. ಗುರಿ, ಎರಡು ತಿಂಗಳ ಅರ್ಧ ಸಂಬಳ. ಎಲ್ಲರ ಊರಿನ ವಿಳಾಸ, ಮನೆಯವರ ಫೋನು, ಬ್ಯಾಂಕ್ ಖಾತೆ ಪುಸ್ತಕದಲ್ಲಿದೆ. 2021ರ ಆಗಸ್ಟಿನಲ್ಲಿ ಶುರುವಾದ ಇ-ಶ್ರಮ್‌ನಲ್ಲಿ ಅರ್ಹರ ಹೆಸರು ಬರೆಸಿದ್ದೇವೆ. ನಮ್ಮ ಸಂಸ್ಥೆಗೂ ಉದ್ಯಮ್ ನೋಂದಣಿ ಮಾಡಿಸಿಕೊಂಡೆವು. ಲಾಕ್‌ಡೌನ್ ಕಾಲದಲ್ಲಿ ಕೇಂದ್ರದ ತುರ್ತು ಸಾಲ ಖಾತರಿ ಯೋಜನೆಯ ನೆರವು ಸಿಕ್ಕಿದ್ದು ಬ್ಯಾಂಕಿನಲ್ಲಿ ಸಾಲದ ದಾಖಲೆ ಇದ್ದವರಿಗೆ. ಎಲ್ಲವನ್ನೂ ಕೈಗಡದಲ್ಲೇ ನಡೆಸಿದವರಿಗೆ ತೋರಿಸಲು ಕಾಗದವೇ ಇರಲಿಲ್ಲ.

ಕೊನೆಯ ಮಾತು

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿ ಮುಗಿಯಿತೆಂದು ಘೋಷಿಸಿತು. ಮುಂದಿನ ತಿಂಗಳೇ, ಮೂರು ವರ್ಷದ ಬಳಿಕ, ನಾಂಪಲ್ಲಿ ಮೈದಾನದಲ್ಲಿ ಮೀನು ಪ್ರಸಾದಕ್ಕೆ ಜನ ಸೇರಿದರು. ಹಾಲುಗಳು ತುಂಬಿವೆ, ನುಮಾಯಿಷ್ ಮೊದಲಿನಂತೆ ನಡೆಯುತ್ತಿದೆ. ಹಾಗಾದರೆ ಈ ಪಾಠ ಈಗೇಕೆ ಎಂದು ಕೇಳಬಹುದು.

ಈ ಊರಿಗೆ ಮಾರಿ ಹೊಸದಲ್ಲ. ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿಯ ಬೋನಾಲು 1813ರ ಕಾಲರಾದೊಂದಿಗೆ ಹುಟ್ಟಿತೆಂಬ ಪ್ರತೀತಿ ಇದೆ. ಮುಂದೊಂದು ದಿನ ಇನ್ನೊಂದು ಬರಬಹುದು. ಅಥವಾ ಪ್ರವಾಹ, ಕರ್ಫ್ಯೂ, ಬೇರೆ ಯಾವುದೋ ಕಾರಣಕ್ಕೆ ಬಾಗಿಲು ಮುಚ್ಚಬಹುದು. ಬಾಯಾರಿದಾಗ ಬಾವಿ ತೋಡುವ ಸ್ಥಿತಿ ನಮಗೆ ಬೇಡ. ವ್ಯಾಪಾರ ಚೆನ್ನಾಗಿರುವ ಈಗಲೇ ಕೆಳಗಿನ ಪ್ರಶ್ನೆಗಳಿಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಪುಸ್ತಕ ಮುಂದಿಟ್ಟುಕೊಂಡು ಉತ್ತರ ಬರೆಯಬೇಕೆಂದು ಕೋರುತ್ತೇವೆ.

1. ನಾಳೆ ಬೆಳಿಗ್ಗೆ ಎಲ್ಲ ಮುಂಗಡವನ್ನೂ ವಾಪಸು ಕೇಳಿದರೆ, ಎಷ್ಟನ್ನು ಸಾಲ ಮಾಡದೆ ಕೊಡಬಲ್ಲಿರಿ?

2. ನಿಮ್ಮ ಅತಿ ಸಣ್ಣ ತಂಡ ಎಷ್ಟು ಜನರದ್ದು? ಅದರಲ್ಲಿ 50 ಎಲೆಯ ಅಸಲು ದರ ಎಷ್ಟು?

3. ನೀವು ಬಡಿಸುವ ಹಾಲಿನ ಟ್ಯಾಂಕು ಕೊನೆಯ ಸಲ ತೊಳೆದದ್ದು ಯಾವ ದಿನ? ಗ್ಯಾಸ್ ಪೈಪು ಬದಲಿಸಿದ್ದು ಯಾವಾಗ?

4. ಹಾಲಿಗೆ ಹೊರಗಿನ ಗಾಳಿ ಎಲ್ಲಿಂದ ಬರುತ್ತದೆ? ತೋರಿಸಬಲ್ಲಿರಾ?

5. ಎರಡು ತಿಂಗಳು ಕೆಲಸವಿಲ್ಲದಿದ್ದರೆ ನಿಮ್ಮ ಆಳುಗಳಲ್ಲಿ ಎಷ್ಟು ಜನ ನಿಮಗಾಗಿ ಕಾಯುತ್ತಾರೆ?

ಐದನೆಯ ಪ್ರಶ್ನೆಗೆ ಉತ್ತರವನ್ನು ನೀವೇ ಬರೆಯಬೇಡಿ, ಅವರನ್ನೇ ಕೇಳಿ. ಮುಂದಿನ ಸಭೆಯಲ್ಲಿ ಎಲ್ಲರೂ ಹಾಳೆ ತಂದು ಕೂತು ಚರ್ಚಿಸೋಣ. ಕಾಫಿ, ಉಪ್ಪಿಟ್ಟು ನಮ್ಮ ಕಡೆಯಿಂದ.